ಬ್ರೌಸರಿನ ಆಯ್ಕೆ ಮತ್ತು ನಮ್ಮ ಮಕ್ಕಳ ಖಾಸಗಿತನ

(ಸಾಂಗ್ಲಿವಾಡಿಯಲ್ಲಿ ಸೇರಿದ್ದ ಕನ್ನಡ ಮಾಧ್ಯಮ ಶಾಲೆಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪಾಲಕರ ಸಭೆ ಎಂದರೆ ನಾವು ಮಾತನಾಡುವ ವಿಷಯಗಳು ಸಾಮಾನ್ಯವಾಗಿ ಮೂರು. ಖಾಲಿ ಇರುವ ಶಿಕ್ಷಕರ ಜಾಗ ಯಾವಾಗ ತುಂಬುತ್ತಾರೆ? ಕನ್ನಡ ಪಠ್ಯಪುಸ್ತಕ ಯಾವಾಗ ಕೈಗೆ ಬರುತ್ತದೆ? ಇಲ್ಲಿಯ ಓದು ಮುಗಿದ ಮೇಲೆ ಮಗುವನ್ನು ಯಾವ ಶಾಲೆಗೆ ಕಳಿಸಬೇಕು? ಈ ಮೂರೂ ದೊಡ್ಡ ಪ್ರಶ್ನೆಗಳೇ. ಹೀಗಿರುವಾಗ ಇವತ್ತು ಮೊಬೈಲಿನ ಬ್ರೌಸರು, ಖಾಸಗಿತನ ಎಂಬ ವಿಷಯ ಎತ್ತಿಕೊಂಡು ನಿಂತಿರುವೆನಲ್ಲ, ಇದು ಪಟ್ಟಣದ ಇಂಗ್ಲಿಷ್ ಶಾಲೆಯವರ ಚಿಂತೆಯಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ ಎಂಬುದಕ್ಕೆ ನಮ್ಮ ನಡುವೆಯೇ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ನಮ್ಮ ಪರಿಚಯದ ತಾಯಿಯೊಬ್ಬರು. ಮಗಳು ಎಂಟನೆಯ ಇಯತ್ತೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ಪರೀಕ್ಷೆ ಹತ್ತಿರ ಬಂದಿತ್ತು. ಮರಾಠಿ ಮಾಧ್ಯಮದ ಮಕ್ಕಳಿಗೆ ಪೇಟೆಯ ಯಾವ ಅಂಗಡಿಗೆ ಹೋದರೂ ಗೈಡು, ಪ್ರಶ್ನೆಪತ್ರಿಕೆಗಳ ಕಟ್ಟು ಸಿಗುತ್ತವೆ. ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಹಾಗಾಗಿ ಅವರು ಮೊಬೈಲಿನಲ್ಲಿ ಹುಡುಕಿದರು. ಎಲ್ಲಕ್ಕಿಂತ ಮೇಲೆ ಬಂದ ತಾಣವನ್ನು ಒತ್ತಿದರು. ಅದು ಜಾಹೀರಾತು ಎಂದು ಅವರಿಗೆ ತಿಳಿಯಲಿಲ್ಲ. ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆಗಳು ಉಚಿತ ಎಂದು ಅಲ್ಲಿ ಬರೆದಿತ್ತು. ಮಗುವಿನ ಹೆಸರು, ಶಾಲೆ, ಊರು, ಇಯತ್ತೆ, ಪಾಲಕರ ಮೊಬೈಲ್ ನಂಬರು, ಕೊನೆಗೆ ಆಧಾರ್ ನಂಬರು ಕೇಳಿತು. ಎಲ್ಲವನ್ನೂ ತುಂಬಿದರು. ಬಂದ ಪತ್ರಿಕೆಗಳನ್ನು ನೋಡಿದರೆ ಅವು ಕರ್ನಾಟಕದ ಪಠ್ಯಕ್ರಮದವು. ನಮ್ಮ ಬಾಲಭಾರತಿ ಪುಸ್ತಕಕ್ಕೂ ಅವಕ್ಕೂ ಸಂಬಂಧವಿಲ್ಲ. ಹೋಗಲಿ ಎಂದು ಬಿಟ್ಟರು.

ಎಂಟು ದಿನದ ಮೇಲೆ ಒಂದು ಫೋನು ಬಂತು. ಮಗಳ ಹೆಸರು, ಶಾಲೆ, ಇಯತ್ತೆ ಎಲ್ಲವನ್ನೂ ಸರಿಯಾಗಿ ಹೇಳಿ, "ಅಕ್ಕಾರ, ನಿಮ್ಮ ಮಗಳಿಗೆ ಶಿಷ್ಯವೃತ್ತಿ ಮಂಜೂರಾಗೇತಿ, ಮೊಬೈಲಿಗೆ ಒಂದು ನಂಬರ ಬರ್ತೈತಿ, ಅದನ್ನ ಹೇಳ್ರಿ" ಎಂದರು. ಹೇಳಿದರು. ಖಾತೆಯಲ್ಲಿದ್ದ ಮೂರು ಸಾವಿರದ ಎಂಟುನೂರು ರೂಪಾಯಿ ಹೋಯಿತು. ನನ್ನ ಮುಂದೆ ಕಣ್ಣೀರು ಹಾಕುತ್ತ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಣ್ಣಾ, ಅವರು ಕನ್ನಡದಾಗ ಮಾತಾಡಿದರು, ನನ್ನ ಮಗಳ ಹೆಸರು ಹಿಡಿದು ಮಾತಾಡಿದರು, ಹಂಗಾಗಿ ನಂಬಿದೆ."

ಆ ತಾಣದಿಂದಲೇ ಹೆಸರು ಹೋಯಿತೆಂದು ಸಾಧಿಸಲು ನನ್ನ ಬಳಿ ಪುರಾವೆ ಇಲ್ಲ. ಆದರೆ ಒಂದು ಮಾತು ಸ್ಪಷ್ಟ. ಕನ್ನಡದ ಸಾಮಗ್ರಿ ಇಲ್ಲಿ ಕಡಿಮೆ, ಆದ್ದರಿಂದ ಕನ್ನಡ ಎಂಬ ಅಕ್ಷರ ಕಂಡಲ್ಲೆಲ್ಲ ನಾವು ನಂಬುತ್ತೇವೆ. ನಮ್ಮ ಭಾಷಾಭಿಮಾನವೇ ಮೋಸಗಾರನಿಗೆ ಮೆಟ್ಟಿಲಾಗುತ್ತದೆ. ಆದ್ದರಿಂದ ಇದು ನಮ್ಮದೇ ವಿಷಯ.

ನಮ್ಮ ಮಾಹಿತಿ ಕೈಬಿಟ್ಟು ಹೋಗುವ ದಾರಿಗಳು ಮೂರು. ಒಂದು, ನಮಗೆ ಅರಿವಿಲ್ಲದೆ ಹೋಗುವುದು. ಎರಡು, ನಾವೇ ಕೈಯಾರೆ ಕೊಡುವುದು. ಮೂರು, ಶಾಲೆ, ಸರ್ಕಾರ, ಕಂಪನಿಗಳು ಕೇಳಿ ಪಡೆಯುವುದು. ಮೊದಲನೆಯದಕ್ಕೆ ಒಳ್ಳೆಯ ಬ್ರೌಸರು ಬೇಕು. ಎರಡನೆಯದಕ್ಕೆ ನಮ್ಮ ಎಚ್ಚರ ಬೇಕು. ಮೂರನೆಯದಕ್ಕೆ ಕಾನೂನು ಬೇಕು, ಆ ಕಾನೂನು ನಮಗೆ ಗೊತ್ತಿರಬೇಕು. ಈ ಕ್ರಮದಲ್ಲಿಯೇ ನಾಲ್ಕು ಮಾತು ಹೇಳುತ್ತೇನೆ.

ಅರಿವಿಲ್ಲದೆ ಹೋಗುವುದು

ಬ್ರೌಸರು ಎಂದರೇನು? ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ. ಗೂಗಲ್ ಎಂಬುದು ಹುಡುಕುವ ತಾಣ. ಕ್ರೋಮ್ ಎಂಬುದು ಬ್ರೌಸರು. ಎರಡನ್ನೂ ಮಾಡಿದ ಕಂಪನಿ ಒಂದೇ ಆದ್ದರಿಂದ ನಮಗೆ ಎರಡೂ ಒಂದೇ ಎನ್ನಿಸುತ್ತದೆ. ಹೊಸ ಆಂಡ್ರಾಯ್ಡ್ ಮೊಬೈಲು ಕೊಂಡಾಗ ಕ್ರೋಮ್ ಅದರಲ್ಲಿ ಮೊದಲೇ ಕೂತಿರುತ್ತದೆ. ನಾವು ಆರಿಸಿದ್ದಲ್ಲ, ಆರಿಸಿ ಕೊಟ್ಟದ್ದು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ತನ್ನ ತಂತ್ರಾಂಶಗಳನ್ನು ಹೀಗೆ ಕಟ್ಟಿಕೊಡುವುದೂ ಸೇರಿದಂತೆ ಹಲವು ಕಾರಣಗಳಿಗಾಗಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅಂದರೆ ಬೇರೆ ಬ್ರೌಸರು ಆರಿಸುವ ಸ್ವಾತಂತ್ರ್ಯ ಸಣ್ಣ ಸಂಗತಿಯಲ್ಲ.

ಮೊದಲ ಬ್ರೌಸರನ್ನು 1990ರಲ್ಲಿ ಟಿಮ್ ಬರ್ನರ್ಸ್-ಲೀ ಅವರೇ ಬರೆದರು. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ಬಂದವು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದಕ್ಕೂ ಒಂದು ವರ್ಷ ಮೊದಲು, 1994ರಲ್ಲಿ, ನೆಟ್‌ಸ್ಕೇಪಿನ ಲೂ ಮೊಂಟುಲಿ ಎಂಬ ತಂತ್ರಜ್ಞರು 'ಕುಕಿ' ಎಂಬ ಚಿಕ್ಕ ಉಪಾಯ ಹೂಡಿದ್ದರು. ನಮ್ಮ ಇಂದಿನ ಮಾತಿಗೆ ಈ ಕುಕಿಯೇ ಮುಖ್ಯ.

ಕುಕಿ ಎಂದರೆ ತಾಣವು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಚೀಟಿ. ಮುಂದಿನ ಸಲ ನಾವು ಹೋದಾಗ ಆ ಚೀಟಿ ನೋಡಿ, ಇವರು ಮೊನ್ನೆ ಬಂದವರೇ ಎಂದು ಗುರುತಿಸುತ್ತದೆ. ಇದರಲ್ಲಿ ತಪ್ಪೇನಿಲ್ಲ. ಸಾಂಗ್ಲಿ ಪೇಟೆಯ ಅರಿಸಿನದ ಅಡತಿಯವರು ತಮ್ಮ ಗಿರಾಕಿಯ ಖಾತೆಯನ್ನು ಕಿರ್ದಿಯಲ್ಲಿ ಬರೆದಿಟ್ಟುಕೊಳ್ಳುವುದಿಲ್ಲವೇ? ಹಾಗೆ. ಆದರೆ ಹೀಗೆ ಊಹಿಸಿ: ಪೇಟೆಯ ಪ್ರತಿಯೊಂದು ಅಂಗಡಿಯ ಬಾಗಿಲಲ್ಲಿ ಒಂದೇ ಮನೆತನದ ಆಳು ಕೂತಿದ್ದಾನೆ. ನೀವು ಔಷಧಿ ಅಂಗಡಿಗೆ ಹೋದದ್ದು, ಅಲ್ಲಿಂದ ಬಂಗಾರದ ಅಂಗಡಿಗೆ ಹೋದದ್ದು, ಕೊನೆಗೆ ಸಾಲ ಕೊಡುವವರ ಬಾಗಿಲಿಗೆ ಹೋದದ್ದು, ಎಲ್ಲವನ್ನೂ ಒಂದೇ ವಹಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಬರೆಯುತ್ತಾನೆ. ಸಂಜೆಗೆ ಆ ವಹಿ ಓದಿದವನಿಗೆ ನಿಮ್ಮ ಮನೆಯ ಕಷ್ಟವೆಲ್ಲ ತಿಳಿಯುತ್ತದೆ. ಇದು ಮೂರನೆಯವರ ಕುಕಿ. ಪುಟದಲ್ಲಿ ಕಾಣುವ ಜಾಹೀರಾತು ಬೇರೊಂದು ಕಂಪನಿಯದು. ಅದೇ ಕಂಪನಿಯ ಜಾಹೀರಾತು ಸಾವಿರಾರು ಪುಟಗಳಲ್ಲಿ ಇರುತ್ತದೆ. ಪ್ರತಿ ಪುಟದಲ್ಲಿ ಅದು ತನ್ನ ಚೀಟಿಯನ್ನು ತಾನೇ ಓದಿಕೊಳ್ಳುತ್ತದೆ.

ಒಳ್ಳೆಯ ಬ್ರೌಸರನ್ನು ಗುರುತಿಸಲು ಮೊದಲ ಪರೀಕ್ಷೆ ಇದೇ: ಈ ಬಾಗಿಲ ಆಳನ್ನು ಅದು ತಾನಾಗಿಯೇ ಹೊರಗಟ್ಟುತ್ತದೆಯೇ? ಆಪಲ್ ಕಂಪನಿಯ ಸಫಾರಿ 2020ರ ಮಾರ್ಚಿನಿಂದ ಮೂರನೆಯವರ ಕುಕಿಗಳನ್ನು ಪೂರ್ತಿಯಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2019ರಿಂದ ಹಿಂಬಾಲಿಸುವ ಕುಕಿಗಳನ್ನು ತಡೆಯುತ್ತ ಬಂದು, 2022ರಿಂದ ಪ್ರತಿ ತಾಣದ ಕುಕಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಡುತ್ತದೆ. ಒಂದರದು ಇನ್ನೊಂದಕ್ಕೆ ಕಾಣದು. ಕ್ರೋಮ್ 2020ರ ಜನವರಿಯಲ್ಲಿ, ಎರಡು ವರ್ಷದೊಳಗೆ ಇಂಥ ಕುಕಿಗಳನ್ನು ನಿಲ್ಲಿಸುವುದಾಗಿ ಹೇಳಿತು. ಅನೇಕ ಸಲ ಮುಂದೂಡಿ, ಕೊನೆಗೆ 2025ರ ಏಪ್ರಿಲಿನಲ್ಲಿ ಆ ವಿಚಾರವನ್ನೇ ಕೈಬಿಟ್ಟಿತು. ಗೂಗಲ್ ಕಂಪನಿಯ ಆದಾಯದ ಬಹುಪಾಲು ಜಾಹೀರಾತಿನಿಂದ ಬರುತ್ತದೆ ಎಂಬುದನ್ನು ನೆನಪಿಟ್ಟರೆ ಇದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಪರೀಕ್ಷೆ: ಅದನ್ನು ಮಾಡಿದವರು ಯಾರು, ಅವರು ಹೊಟ್ಟೆ ಹೊರೆಯುವುದು ಹೇಗೆ? ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಬಹಳ ಜನ ಯುಸಿ ಬ್ರೌಸರು ಹಾಕಿಕೊಂಡಿದ್ದರು. ಕಡಿಮೆ ಡೇಟಾದಲ್ಲಿ ಬೇಗ ತೆರೆಯುತ್ತಿತ್ತು, ಉಚಿತವಾಗಿತ್ತು. 2015ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಪರೀಕ್ಷಿಸಿ ನೋಡಿದಾಗ, ಬಳಸುವವರು ಹುಡುಕಿದ ಪದಗಳು, ಫೋನಿನ ಗುರುತು ಮುಂತಾದ ವಿವರಗಳನ್ನು ಅದು ಸರಿಯಾದ ಬೀಗವಿಲ್ಲದೆ ಕಳಿಸುತ್ತಿರುವುದು ಕಂಡಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಅಜ್ಜನ ಹಳೆಯ ಫೋನಿನಲ್ಲಿ ಅದು ಇನ್ನೂ ಕೂತಿದ್ದರೆ ಇಂದೇ ತೆಗೆದುಹಾಕಿ.

ಮೂರನೆಯ ಪರೀಕ್ಷೆ: ಅದು ಹೊಸದಾಗುತ್ತ ಇರುತ್ತದೆಯೇ? ಬ್ರೌಸರಿನಲ್ಲಿ ದಿನವೂ ಹೊಸ ಬಿರುಕು ಕಾಣುತ್ತವೆ, ಮಾಡಿದವರು ಅವನ್ನು ಮುಚ್ಚಿ ಹೊಸ ಆವೃತ್ತಿ ಕಳಿಸುತ್ತಾರೆ. ಅಪ್‌ಡೇಟ್ ಮಾಡದ ಬ್ರೌಸರು ಚಿಲಕ ಮುರಿದ ಕದ. 1995ರಲ್ಲಿ ಹುಟ್ಟಿದ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು 2022ರ ಜೂನಿನಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿತು. ಶಾಲೆಯ ಹಳೆಯ ಗಣಕಯಂತ್ರದಲ್ಲಿ ಅದೇ ನೀಲಿ ಅಕ್ಷರ ಕಂಡರೆ ಮುಖ್ಯಾಧ್ಯಾಪಕರಿಗೆ ತಿಳಿಸಿ.

ನಾಲ್ಕನೆಯ ಪರೀಕ್ಷೆ ನಮ್ಮದೇ: ಅದು ಕನ್ನಡದಲ್ಲಿ ಮಾತಾಡುತ್ತದೆಯೇ? ಎಚ್ಚರಿಕೆಯ ಮಾತು ತಿಳಿಯದ ಭಾಷೆಯಲ್ಲಿ ಬಂದರೆ ನಾವು ಓದದೆ 'ಓಕೆ' ಒತ್ತುತ್ತೇವೆ. ಕ್ರೋಮ್ ಕನ್ನಡದಲ್ಲಿ ಸಿಗುತ್ತದೆ. ಫೈರ್‌ಫಾಕ್ಸ್ ಕೂಡ ಸಿಗುತ್ತದೆ. ಅದರ ಕನ್ನಡವನ್ನು ಮಾಡಿದವರು ಹೆಚ್ಚಾಗಿ ಸಂಬಳವಿಲ್ಲದೆ ದುಡಿದ ಕನ್ನಡದ ಸ್ವಯಂಸೇವಕರು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಬ್ರೌಸರು ಪ್ರತಿ ತಾಣಕ್ಕೂ, ಇವರಿಗೆ ಯಾವ ಭಾಷೆ ಇಷ್ಟ ಎಂದು ತಿಳಿಸುತ್ತದೆ. ಜೊತೆಗೆ ಫೋನಿನ ಮಾದರಿ, ಪರದೆಯ ಅಳತೆ ಮುಂತಾದವೂ ತಿಳಿಯುತ್ತವೆ. ಇವೆಲ್ಲ ಸೇರಿ ಬೆರಳಚ್ಚಿನ ಹಾಗೆ ಒಂದು ಗುರುತಾಗುತ್ತದೆ. ಕುಕಿ ಅಳಿಸಿದರೂ ಆ ಗುರುತು ಅಳಿಯದು. ಮಹಾರಾಷ್ಟ್ರದಲ್ಲಿ ಕನ್ನಡವೆಂದು ಇಟ್ಟ ಫೋನುಗಳು ಕಡಿಮೆ. ಗುಂಪು ಚಿಕ್ಕದಾದಷ್ಟೂ ಗುರುತು ಹಿಡಿಯುವುದು ಸುಲಭ. ಹಾಗೆಂದು ಕನ್ನಡ ಬಿಡಿ ಎಂದು ನಾನು ಹೇಳುವುದಿಲ್ಲ. ಭಾಷೆ ಬಿಟ್ಟು ಬಚ್ಚಿಟ್ಟುಕೊಳ್ಳುವುದು ನಮಗೆ ಒಪ್ಪದ ಮಾತು. ಬೆರಳಚ್ಚು ತೆಗೆಯುವವರನ್ನು ತಡೆಯಲು ಯತ್ನಿಸುವ ಬ್ರೌಸರನ್ನು ಆರಿಸೋಣ ಎನ್ನುತ್ತೇನೆ.

ಹಾಗಾದರೆ ಯಾವುದು? ಆಂಡ್ರಾಯ್ಡ್ ಮೊಬೈಲಿಗೆ ನನ್ನ ಸಲಹೆ ಫೈರ್‌ಫಾಕ್ಸ್. 2004ರಲ್ಲಿ ಹೊರಬಂದ ಇದನ್ನು ನಡೆಸುವುದು ಮೊಝಿಲ್ಲಾ. ಅದರ ಒಡೆತನ ಲಾಭಕ್ಕಾಗಿ ನಡೆಯದ ಒಂದು ಪ್ರತಿಷ್ಠಾನದ್ದು. ಜಾಹೀರಾತು ತಡೆಯುವ 'ಯುಬ್ಲಾಕ್ ಒರಿಜಿನ್' ಎಂಬ ಜೋಡಣೆಯನ್ನು ಮೊಬೈಲಿನಲ್ಲಿಯೂ ಇದಕ್ಕೆ ಹಾಕಬಹುದು. ಹಾಕಿದ್ದರೆ ಆ ತಾಯಿಯ ಕಣ್ಣಿಗೆ ಮೇಲಿನ ಜಾಹೀರಾತು ಬಹುಶಃ ಬೀಳುತ್ತಲೇ ಇರಲಿಲ್ಲ. ಇದರ ಕೊರತೆಯನ್ನೂ ಹೇಳಬೇಕು: ಮೊಝಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಗೂಗಲ್ ಹುಡುಕಾಟವನ್ನು ಮುಂದಿಡುವ ಒಪ್ಪಂದದಿಂದಲೇ. ಕೆಲವು ತಾಣಗಳು ಕ್ರೋಮ್‌ಗೆಂದೇ ಮಾಡಿದವು, ಇದರಲ್ಲಿ ಸರಿಯಾಗಿ ತೆರೆಯುವುದಿಲ್ಲ. ಅಂಥಲ್ಲಿಗೆ ಕ್ರೋಮ್ ಇರಲಿ, ದಿನದ ಬಳಕೆಗೆ ಇದು ಇರಲಿ. ಬ್ರೇವ್ ಎಂಬ ಇನ್ನೊಂದು ಬ್ರೌಸರು ಕೂಡ ಜಾಹೀರಾತು, ಹಿಂಬಾಲಕರನ್ನು ತಾನಾಗಿಯೇ ತಡೆಯುತ್ತದೆ. ಐಫೋನ್ ಇದ್ದವರಿಗೆ ಸಫಾರಿ ಸಾಕು.

ಕ್ರೋಮೇ ರೂಢಿಯಾಗಿದೆ, ಬದಲಿಸಲಾರೆ ಎನ್ನುವವರು ಇಷ್ಟಾದರೂ ಮಾಡಿ. ಮೂಲೆಯ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಖಾಸಗಿತನ ಮತ್ತು ಸುರಕ್ಷತೆಯ ವಿಭಾಗದಲ್ಲಿ ಮೂರನೆಯವರ ಕುಕಿಗಳನ್ನು ನಿರ್ಬಂಧಿಸಿ. ತಾಣಗಳ ಸೆಟ್ಟಿಂಗಿನಲ್ಲಿ ಸ್ಥಳ, ಕ್ಯಾಮೆರಾ, ಮೈಕು, ನೋಟಿಫಿಕೇಶನ್ ಈ ನಾಲ್ಕಕ್ಕೆ ಯಾರು ಯಾರಿಗೆ ಅನುಮತಿ ಕೊಟ್ಟಿದ್ದೀರಿ ನೋಡಿ, ಪರಿಚಯವಿಲ್ಲದ ಹೆಸರನ್ನೆಲ್ಲ ತೆಗೆಯಿರಿ. ಮಧ್ಯರಾತ್ರಿ ಬರುವ ಸಾಲದ, ಜೂಜಿನ ಸೂಚನೆಗಳಲ್ಲಿ ಹಲವು ಅಲ್ಲಿಂದಲೇ ಬರುತ್ತವೆ.

ನಾವೇ ಕೈಯಾರೆ ಕೊಡುವುದು

ಈಗ ಎರಡನೆಯ ದಾರಿ. ಜಗತ್ತಿನ ಅತ್ಯುತ್ತಮ ಬ್ರೌಸರೂ ನಾವೇ ಬರೆದು ಕೊಟ್ಟದ್ದನ್ನು ಹಿಂದಕ್ಕೆ ತರಲಾರದು. ಇಲ್ಲಿ ನಮ್ಮ ಕೆಲವು ತಪ್ಪು ತಿಳಿವಳಿಕೆಗಳನ್ನು ತೆಗೆಯಬೇಕು.

ಒಂದನೆಯ ತಪ್ಪು ತಿಳಿವಳಿಕೆ ಬೀಗದ ಚಿತ್ರ. ವಿಳಾಸದ ಮುಂದೆ ಬೀಗ ಅಥವಾ ಎಚ್‌ಟಿಟಿಪಿಎಸ್ ಎಂಬ ಅಕ್ಷರ ಇದ್ದರೆ ಆ ತಾಣ ಪ್ರಾಮಾಣಿಕ ಎಂದಲ್ಲ. ನಿಮ್ಮಿಂದ ಅಲ್ಲಿಯವರೆಗೆ ಮಾಹಿತಿ ಲಕೋಟೆಯಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅರ್ಥ. ಲಕೋಟೆ ಒಡೆಯುವವನು ಕಳ್ಳನೇ ಆಗಿದ್ದರೆ ಬೀಗ ಏನು ಮಾಡೀತು? ಸರ್ಕಾರದ ಬಹುತೇಕ ತಾಣಗಳ ವಿಳಾಸ 'ಜಿಒವಿ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ಶಿಷ್ಯವೃತ್ತಿ, ದಾಖಲೆಗಳ ಕೆಲಸಕ್ಕೆ ಆ ಕೊನೆಯನ್ನು ನೋಡದೆ ಒಂದಕ್ಷರವನ್ನೂ ತುಂಬಬೇಡಿ. ನಮ್ಮ ಪಠ್ಯಪುಸ್ತಕಗಳಿಗೆ ಬೇರೆಡೆ ಹುಡುಕುವ ಅವಶ್ಯಕತೆಯೇ ಇಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ತನ್ನ ತಾಣದಲ್ಲಿ ಇಟ್ಟಿದೆ. ಪುಸ್ತಕ ಇಳಿಸಿಕೊಳ್ಳಲು ಆಧಾರ್ ನಂಬರು ಬೇಕಿಲ್ಲ. ಕೇಳಿದರೆ ಅದು ಬಾಲಭಾರತಿ ಅಲ್ಲ ಎಂದು ತಿಳಿಯಿರಿ.

ಎರಡನೆಯದು ಇನ್‌ಕಾಗ್ನಿಟೊ ಎಂಬ ಗುಪ್ತ ಕಿಟಕಿ. ಅದರಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಮಕ್ಕಳೂ ದೊಡ್ಡವರೂ ನಂಬಿದ್ದಾರೆ. ಅದು ಮಾಡುವುದು ಇಷ್ಟೇ: ಕಿಟಕಿ ಮುಚ್ಚಿದ ಮೇಲೆ ನಿಮ್ಮ ಫೋನಿನಲ್ಲಿ ಗುರುತು ಉಳಿಸುವುದಿಲ್ಲ. ನೀವು ಹೋದ ತಾಣಕ್ಕೆ ನೀವು ಅಲ್ಲಿ ಮಾಡಿದ್ದು ಕಾಣುತ್ತದೆ, ಇಂಟರ್‌ನೆಟ್ ಕೊಡುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣಬಹುದು. ಈ ವಿಷಯದಲ್ಲಿ ಬಳಕೆದಾರರನ್ನು ತಪ್ಪುದಾರಿಗೆ ಎಳೆದರೆಂದು ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು. 2024ರಲ್ಲಿ ಬಹಿರಂಗವಾದ ರಾಜಿಯಲ್ಲಿ ಅಪಾರ ಮಾಹಿತಿಯನ್ನು ಅಳಿಸಲು ಕಂಪನಿ ಒಪ್ಪಬೇಕಾಯಿತು. ಆದರೆ ಈ ಕಿಟಕಿಗೆ ಒಂದು ಒಳ್ಳೆಯ ಉಪಯೋಗವಿದೆ. ನೆಟ್ ಸೆಂಟರಿನಲ್ಲಿ ಅಥವಾ ಬೇರೆಯವರ ಗಣಕದಲ್ಲಿ ಅರ್ಜಿ ತುಂಬುವಾಗ ಅದರಲ್ಲೇ ತುಂಬಿರಿ, ಮುಗಿದ ಮೇಲೆ ಲಾಗ್‌ಔಟ್ ಆಗಿ ಮುಚ್ಚಿರಿ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಇಳಿಸಿದ ದಾಖಲೆಗಳು ಮಾತ್ರ ಆ ಯಂತ್ರದಲ್ಲಿ ಉಳಿಯುತ್ತವೆ, ಅವನ್ನು ನೀವೇ ಅಳಿಸಬೇಕು.

ಮೂರನೆಯದು ಆಧಾರ್ ಜೆರಾಕ್ಸು. ಎಲ್ಲಿ ಏನು ಕೇಳಿದರೂ ಆಧಾರ್ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ, ಉಳಿದವನ್ನು ಮುಚ್ಚಿದ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಉಚಿತವಾಗಿ ಪಡೆಯಬಹುದು. ಗುರುತು ತೋರಿಸಿದರೆ ಸಾಕಾದ ಕಡೆ ಅದನ್ನೇ ಕೊಡಿ.

ನಾಲ್ಕನೆಯದು ಮನೆಯ ಒಂದೇ ಫೋನು. ನಮ್ಮಲ್ಲಿ ಬಹಳ ಮನೆಗಳಲ್ಲಿ ತಂದೆಯ ಫೋನೇ ಮಗುವಿನ ಪಾಟಿ. ಅದೇ ಫೋನಿನಲ್ಲಿ ಬ್ಯಾಂಕು, ಅದೇ ಫೋನಿನಲ್ಲಿ ಆಟ, ಅದೇ ಫೋನಿಗೆ ಓಟಿಪಿ. ಮಗುವಿಗೆ ಬೇರೆ ಬ್ರೌಸರು ಹಾಕಿಕೊಡಿ. ಉದಾಹರಣೆಗೆ ನಿಮಗೆ ಕ್ರೋಮ್, ಮಗುವಿಗೆ ಫೈರ್‌ಫಾಕ್ಸ್. ಮಗುವಿನ ಬ್ರೌಸರಿನಲ್ಲಿ ಯಾವ ಪಾಸ್‌ವರ್ಡನ್ನೂ, ಕಾರ್ಡನ್ನೂ ಉಳಿಸಬೇಡಿ. ಬ್ಯಾಂಕಿನ ಆ್ಯಪ್‌ಗೆ ಬೇರೆ ಪಿನ್ ಇರಲಿ. ಇನ್ನೊಂದು ಮಾತು: ಮಗು ಏನು ನೋಡಿತು ಎಂದು ಕದ್ದು ನೋಡುವುದಕ್ಕಿಂತ, ಗೊತ್ತಿಲ್ಲದವರು ಹೆಸರು, ಫೋಟೋ ಕೇಳಿದರೆ ಹೆದರದೆ ನನಗೆ ಹೇಳು ಎಂದು ಒಂದು ಸಲ ಹೇಳುವುದು ಮೇಲು. ಖಾಸಗಿತನ ಮಗುವಿಗೂ ಬೇಕು, ನಮ್ಮಿಂದಲೂ ಬೇಕು.

ಈ ಊರಿನವರಿಗೆ ದಾಖಲೆ ಕಳೆದುಕೊಳ್ಳುವ ನೋವು ಹೊಸದಲ್ಲ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆ ಮನೆಯೊಳಗೆ ಬಂದಾಗ ರೇಶನ್ ಕಾರ್ಡು, ಮಕ್ಕಳ ಶಾಲೆ ಬಿಟ್ಟ ದಾಖಲೆ ಎಲ್ಲ ನೆನೆದು ಮುದ್ದೆಯಾದವು. ಆಗ ಕಾಗದ ಹೋಯಿತು, ನಮಗೆ ತಿಳಿಯಿತು, ಮತ್ತೆ ಅಲೆದು ಮಾಡಿಸಿಕೊಂಡೆವು. ಗಣಕದ ಜಗತ್ತಿನಲ್ಲಿ ಇದು ತಿರುವುಮುರುವು. ಕಾಗದ ನಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ, ಅದರ ನಕಲು ಎಲ್ಲಿಗೋ ಹೋಗಿರುತ್ತದೆ, ಹೋದದ್ದು ನಮಗೆ ತಿಳಿಯುವುದೇ ಇಲ್ಲ. ಹೋದ ನಕಲನ್ನು ತಿರುಗಿ ತರುವ ದಾರಿಯೂ ಇಲ್ಲ. ಅದಕ್ಕೇ ಕೊಡುವ ಮೊದಲು ಯೋಚಿಸಬೇಕು.

ಕೇಳಿ ಪಡೆಯುವುದು

ಇನ್ನು ಮೂರನೆಯ ದಾರಿ. ಅಧಿಕಾರ ಇರುವವರು ಕೇಳಿದಾಗ ನಾವು ಏನು ಮಾಡಬೇಕು?

ಖಾಸಗಿತನ ಎಂಬುದು ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ತೀರ್ಪು ಯಾರ ಹೆಸರಿನಲ್ಲಿದೆ ಗೊತ್ತೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ಅವರ ವಯಸ್ಸು 86. 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಡೀ ದೇಶದ ಜನರಿಗೆ ಈ ಹಕ್ಕನ್ನು ಗಟ್ಟಿಮಾಡಿಕೊಟ್ಟವರು ನಮ್ಮ ನುಡಿಯ ಒಬ್ಬ ಹಿರಿಯರು ಎಂಬುದನ್ನು ಮಕ್ಕಳಿಗೆ ಹೇಳಿ.

ಅದೇ ಪ್ರಕರಣದ ಮುಂದುವರಿದ ಭಾಗವಾಗಿ 2018ರ ಸೆಪ್ಟೆಂಬರ್ 26ರಂದು ಆಧಾರ್ ಕುರಿತ ತೀರ್ಪು ಬಂತು. ಆಧಾರ್ ಯೋಜನೆಯನ್ನು ಕೋರ್ಟು ಎತ್ತಿಹಿಡಿಯಿತು. ಆದರೆ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಮಕ್ಕಳ ಆಧಾರ್ ನೋಂದಣಿಗೆ ತಂದೆತಾಯಿಯ ಸಮ್ಮತಿ ಬೇಕು, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಯೋಜನೆಯ ಲಾಭ ತಪ್ಪಬಾರದು ಎಂದೂ ಹೇಳಿತು.

ನಂಬಿದ ಕಡೆಯಿಂದಲೂ ಮಾಹಿತಿ ಸೋರುತ್ತದೆ ಎಂಬುದಕ್ಕೆ ಉದಾಹರಣೆ ಬೇಕೇ? ನಮ್ಮ ಪಠ್ಯಪುಸ್ತಕದ ಮೇಲಿರುವ ಕ್ಯೂಆರ್ ಚೌಕವನ್ನು ದೀಕ್ಷಾ ಎಂಬ ಕೇಂದ್ರ ಸರ್ಕಾರದ ಆ್ಯಪ್‌ನಿಂದ ತೆರೆಯುತ್ತೇವೆ. 2017ರಲ್ಲಿ ಆರಂಭವಾದ ಇದು ಕೊರೋನಾ ಕಾಲದಲ್ಲಿ ಲಕ್ಷಾಂತರ ಮಕ್ಕಳಿಗೆ ಶಾಲೆಯೇ ಆಗಿತ್ತು. ಕಾವಲಿಲ್ಲದೆ ಬಿಟ್ಟ ಒಂದು ಸಂಗ್ರಹದಿಂದಾಗಿ ಅದರ ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಮತ್ತು ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ವಿವರಗಳು ಹೊರಗಿನವರಿಗೆ ಕಾಣುವಂತಿದ್ದವು ಎಂಬ ಸುದ್ದಿ 2023ರ ಜನವರಿಯಲ್ಲಿ ಹೊರಬಂತು. 2022ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಕಲಿಕೆಯ ಆ್ಯಪ್, ತಾಣಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹಕ್ಕಿಗೆ ಅಪಾಯ ತರುವ ರೀತಿಯಲ್ಲಿ ಮಾಹಿತಿ ಪಡೆಯುತ್ತಿದ್ದವು ಎಂದು ಅದು ಹೇಳಿತು. ದೀಕ್ಷಾ ಒಳ್ಳೆಯ ಸಾಧನವೇ, ಬಳಸಿ. ಆದರೆ ಸ್ಥಳದ ಅನುಮತಿಯನ್ನು ಕೊಡದೆ ಬಳಸಿ. ಪಾಠ ಓದಲು ಮಗು ಎಲ್ಲಿ ಕೂತಿದೆ ಎಂದು ಯಾರಿಗೂ ತಿಳಿಯಬೇಕಿಲ್ಲ.

ಈಗ ನಮ್ಮ ಕೈಗೆ ಹೊಸದೊಂದು ಕಾನೂನು ಬಂದಿದೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಮ್ಮತಿ ಮತ್ತು ಮಕ್ಕಳ ರಕ್ಷಣೆಯ ಮುಖ್ಯ ಕಲಮುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಇಟ್ಟಿದ್ದಾರೆ, ಅಂದರೆ 2027ರ ಮೇವರೆಗೆ. ಹದಿನೆಂಟು ವರ್ಷದೊಳಗಿನ ಮಗುವಿನ ಮಾಹಿತಿ ಬಳಸಲು ಪಾಲಕರ ಖಚಿತ ಸಮ್ಮತಿ ಬೇಕು. ಮಗುವನ್ನು ಹಿಂಬಾಲಿಸುವಂತಿಲ್ಲ, ಮಗುವಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯಬಹುದು. ಶಾಲೆಗಳಿಗೆ ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ಸರ್ಕಾರದ ಸಹಾಯಧನ ಮುಂತಾದ ಕೆಲಸಗಳಿಗೂ ಇವೆ. ಅವೆಲ್ಲ ಒಪ್ಪುವಂಥವೇ ಎಂಬುದು ಬೇರೆ ಚರ್ಚೆ.

ನಾನು ತಮ್ಮ ಗಮನ ಸೆಳೆಯಬಯಸುವುದು ಈ ಕಾಯ್ದೆಯ ಒಂದು ಸಾಲಿನ ಕಡೆಗೆ. ಸಮ್ಮತಿ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ನಮಗೆ ಕೊಡಬೇಕು ಎಂದು ಅದು ಹೇಳುತ್ತದೆ. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಇದರಲ್ಲಿ ರಾಜ್ಯದ ಗಡಿಯ ಮಾತೇ ಇಲ್ಲ. ಬೆಂಗಳೂರಿನವರಿಗೆ ಕನ್ನಡ, ಸಾಂಗ್ಲಿಯವರಿಗೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸಂವಿಧಾನಕ್ಕೆ 350ಎ ಮತ್ತು 350ಬಿ ಎಂಬ ಎರಡು ವಿಧಿಗಳನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಲಭ್ಯ ಮೊದಲನೆಯದು. ಅವರ ರಕ್ಷಣೆಗಳನ್ನು ಪರಿಶೀಲಿಸುವ ವಿಶೇಷಾಧಿಕಾರಿ ಎರಡನೆಯದು. ಅಂದು ನಮ್ಮ ಹಿರಿಯರು ಕೇಳಿದ್ದು ಪಾಠವನ್ನು ಕನ್ನಡದಲ್ಲಿ. ಇಂದು ನಾವು ಕೇಳಬೇಕಾದದ್ದು ಸಮ್ಮತಿಪತ್ರವನ್ನು ಕನ್ನಡದಲ್ಲಿ. ಮಗುವಿಗೆ ಅಪಾರ್ ಗುರುತಿನ ಸಂಖ್ಯೆ ಮಾಡಿಸಲು ಶಾಲೆ ಪಾಲಕರ ಸಮ್ಮತಿಯ ಸಹಿ ಕೇಳುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಪೂರ್ತಿ ಓದಿ ಸಹಿ ಮಾಡಿದ್ದೇವೆ? ಕೈ ಎತ್ತಿ ಎಂದರೆ ಬಹುಶಃ ನನ್ನ ಕೈಯೂ ಮೇಲೇರದು. ಓದಲಾರದ ಕಾಗದದ ಮೇಲಿನ ಸಹಿ ಸಮ್ಮತಿಯಲ್ಲ, ಅದು ಬರೀ ಶಾಯಿ.

ಇದರಲ್ಲಿ ಶಿಕ್ಷಕರ ತಪ್ಪಿಲ್ಲ. ಮೇಲಿನಿಂದ ಬಂದ ನಮೂನೆಯನ್ನು ಅವರು ಹಂಚುತ್ತಾರೆ. ಜಗಳ ಬೇಡ, ವಿನಂತಿ ಸಾಕು. ಶಾಲಾ ವ್ಯವಸ್ಥಾಪನ ಸಮಿತಿಯ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ: ಮಕ್ಕಳ ಮಾಹಿತಿ ಕೇಳುವ ಪ್ರತಿ ನಮೂನೆಯ ಕನ್ನಡ ಪ್ರತಿ ಬೇಕು, ಯಾವ ಮಾಹಿತಿ, ಯಾಕೆ, ಯಾರ ಬಳಿ ಇರುತ್ತದೆ ಎಂಬ ಮೂರು ಸಾಲು ಅದರಲ್ಲಿ ಇರಬೇಕು, ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಇರುವ ಪಟ್ಟಿಯನ್ನು ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು. ಈ ಮೂರು ಬೇಡಿಕೆಗಳಿಗೆ ಒಂದು ಪೈಸೆ ಖರ್ಚಿಲ್ಲ.

ಕೊನೆಯದಾಗಿ, ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಹಣ ಹೋದ ಕೂಡಲೇ 1930 ಎಂಬ ನಂಬರಿಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಿಲ್ಲದೆ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಆ ತಾಯಿ ಮನೆಯವರಿಗೆ ಹೆದರಿ ನಾಲ್ಕು ದಿನ ಬಾಯಿ ಬಿಡಲಿಲ್ಲ. ಹಣ ತಿರುಗಿ ಬರಲಿಲ್ಲ. ಮೋಸ ಮಾಡಿದವನು ನಾಚಬೇಕು, ಮೋಸಹೋದವರಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಕೆಲಸ ಮಾಡಿ. ಬ್ರೌಸರನ್ನು ಹೊಸದು ಮಾಡಿ, ಸಾಧ್ಯವಾದರೆ ಬದಲಿಸಿ. ತಾಣಗಳಿಗೆ ಕೊಟ್ಟ ಅನುಮತಿಗಳನ್ನು ತೆಗೆಯಿರಿ. ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಹತ್ತು ನಿಮಿಷದ ಕೆಲಸ. ಮಗುವೇ ಬೇಗ ಮಾಡಿಕೊಡುತ್ತದೆ, ನೀವು ನೋಡುತ್ತ ಕಲಿಯಿರಿ.

1929ರಲ್ಲಿ ಐರ್ವಿನ್ ಸೇತುವೆ ಆದ ಮೇಲೆ ಸಾಂಗ್ಲಿವಾಡಿಯವರು ಪೇಟೆಗೆ ಹೋಗುವುದು ಸಲೀಸಾಯಿತು. ಸೇತುವೆ ಬಂತೆಂದು ಯಾರೂ ಮನೆಯ ಕದ ಹಾಕುವುದನ್ನು ಬಿಡಲಿಲ್ಲ. ಅಂತರ್ಜಾಲವೂ ಹಾಗೆಯೇ. ನಮ್ಮ ಮಕ್ಕಳು ಅದನ್ನು ದಾಟಿ ಹೋಗಲಿ, ಕನ್ನಡದಲ್ಲೇ ಹೋಗಲಿ. ಕದದ ಚಿಲಕ ಮಾತ್ರ ನಮ್ಮ ಕೈಯಲ್ಲಿರಲಿ.